ಹೋಂಸ್ಟೇ: ಖಾಲಿ ದಿನಗಳ ಲೆಕ್ಕವೂ ಇರಲಿ



ಕೊಡಗಿನ ಅನೇಕ ಕಾಫಿ ಬೆಳೆಗಾರರಿಗೆ ಹೋಂಸ್ಟೇ ಒಂದು ಉಪಕಸುಬಾಗಿದೆ. ಕಾಫಿ, ಮೆಣಸಿನ ಬೆಲೆ ಇಳಿದ ವರ್ಷ ಇದು ಮನೆಖರ್ಚಿಗೆ ಆಸರೆ. ಆದರೆ ತೋಟಕ್ಕಿರುವಂತೆ ಇದಕ್ಕೂ ಹಂಗಾಮು ಉಂಟು. ಅದನ್ನು ಅರಿಯದೆ ಸಾಲ ಮಾಡಿ ಕೊಠಡಿ ಕಟ್ಟಿದರೆ ಕಂತು ಕಟ್ಟುವುದು ಕಷ್ಟವಾಗುತ್ತದೆ.

ಮೊದಲು ಲೆಕ್ಕ ನೋಡೋಣ. ನಾಲ್ಕು ಕೊಠಡಿಗಳನ್ನು ವರ್ಷದ 365 ರಾತ್ರಿಯೂ ಬಾಡಿಗೆಗೆ ಕೊಡಬಹುದಾದರೆ ಒಟ್ಟು 1,460 ಬಾಡಿಗೆಗಳು. ಪ್ರತಿ ಶುಕ್ರವಾರ, ಶನಿವಾರ ರಾತ್ರಿ ನಾಲ್ಕೂ ಕೊಠಡಿ ತುಂಬಿದರೂ 52 ವಾರಗಳಲ್ಲಿ ಸಿಗುವುದು 416. ಅಂದರೆ ನೂರಕ್ಕೆ ಸುಮಾರು 28 ಮಾತ್ರ. ವಾರವಾರವೂ ಭರ್ತಿ ಎನ್ನುವ ಮನೆಯೂ ಮುಕ್ಕಾಲು ಪಾಲಿನಷ್ಟು ಖಾಲಿಯೇ!

ಅತಿಥಿಗಳು ಹೆಚ್ಚಾಗಿ ಬರುವುದು ದಸರಾ ರಜೆ, ಕ್ರಿಸ್‌ಮಸ್-ಹೊಸವರ್ಷ ಹಾಗೂ ಏಪ್ರಿಲ್-ಮೇ ತಿಂಗಳ ಬೇಸಿಗೆ ರಜೆಯಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ನೋಡಲು ಕೆಲವರು ಬಂದರೂ ರಸ್ತೆ ಕೆಟ್ಟರೆ ಅವರೂ ಇಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಪ್ರವಾಸಿಗರ ಬರವೇ ನಿಂತಿತು. 2020ರಲ್ಲಿ ಲಾಕ್‌ಡೌನ್‌ನಿಂದ ಬೇಸಿಗೆಯ ಹಂಗಾಮೇ ಕೈತಪ್ಪಿತು.

ಒಂದು ಉದಾಹರಣೆ. ಸಂಬಳ, ವಿದ್ಯುತ್, ಸಾಲದ ಕಂತು ಸೇರಿ ತಿಂಗಳಿಗೆ 20,000 ರೂಪಾಯಿ ಖರ್ಚು ಎಂದಿಟ್ಟುಕೊಳ್ಳಿ. ಊಟ, ಬಟ್ಟೆ ಒಗೆತ ಕಳೆದು ಒಂದು ಬಾಡಿಗೆಗೆ 1,000 ರೂಪಾಯಿ ಉಳಿದರೆ ತಿಂಗಳಿಗೆ 20 ಬಾಡಿಗೆ ಬೇಕು. ಮಳೆಗಾಲದಲ್ಲಿ ಹತ್ತೇ ಸಿಕ್ಕರೆ ತಿಂಗಳಿಗೆ 10,000 ರೂಪಾಯಿ ಕೊರತೆ. ನಾಲ್ಕು ತಿಂಗಳಿಗೆ 40,000. ಈ ಹಣವನ್ನು ಏಪ್ರಿಲ್-ಮೇ ಆದಾಯದಿಂದಲೇ ತೆಗೆದಿಡಬೇಕು.

ಇನ್ನೊಂದು ತೊಡಕು ಆಳಿನದು. ಡಿಸೆಂಬರ್-ಜನವರಿಯಲ್ಲಿ ಅತಿಥಿಗಳೂ ಬರುತ್ತಾರೆ, ಕಾಫಿ ಹಣ್ಣೂ ಕೊಯ್ಲಿಗೆ ಬರುತ್ತದೆ. ಕೊಯ್ಲಿನ ಆಳನ್ನು ಅಡಿಗೆ, ಶುಚಿ ಕೆಲಸಕ್ಕೆ ಎಳೆದರೆ ಹಣ್ಣು ಗಿಡದಡಿ ಉದುರುತ್ತದೆ. ಬಾಡಿಗೆಯ ಲಾಭ ತೋಟದ ನಷ್ಟವಾಗಬಾರದು.

ಆದ್ದರಿಂದ ಈ ಕೆಲವು ಅಂಶಗಳನ್ನು ಪಾಲಿಸಿರಿ:

1. ಹೊಸ ಕಟ್ಟಡಕ್ಕಿಂತ ಮನೆಯಲ್ಲಿ ಬಳಸದ ಕೊಠಡಿಯಿಂದ ಆರಂಭಿಸಿ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿ.

2. ತಾರೀಖು, ತುಂಬಿದ ಕೊಠಡಿ, ಬಂದ ಹಣವನ್ನು ಪ್ರತಿದಿನ ಪುಸ್ತಕದಲ್ಲಿ ಬರೆಯಿರಿ. ಖಾಲಿ ದಿನವನ್ನೂ ಬರೆಯಿರಿ.

3. ವಾರದ ನಡುವೆ ದರ ಇಳಿಸಬಹುದು. ಊಟ, ಒಗೆತ, ಕೂಲಿಯ ಖರ್ಚಿಗಿಂತ ಕೆಳಗೆ ಇಳಿಸಬಾರದು.

4. ಮಾಡಿನ ರಿಪೇರಿಯನ್ನು ಮಳೆ ಹಿಡಿಯುವ ಮೊದಲೇ ಮುಗಿಸಿ.

5. ಕೊಠಡಿ ಹೆಚ್ಚಿಸುವ ಮುನ್ನ ಎರಡು ವರ್ಷದ ಪುಸ್ತಕ ನೋಡಿ. ರಜೆಯ ನೂಕುನುಗ್ಗಲನ್ನು ನಂಬಿ ಸಾಲ ಮಾಡಬೇಡಿ.

ತೋಟವೇ ಮೂಲ ಕಸುಬು, ಹೋಂಸ್ಟೇ ಅದಕ್ಕೆ ಊರುಗೋಲು. ಹೀಗೆಂದು ನಡೆದವರಿಗೆ ಎರಡರಿಂದಲೂ ಆದಾಯ ಉಂಟು.