ಮೂತ್ರ ಹೇಳುವ ಮಾತು



ಇವನು ಕಂಪ್ಯೂಟರ್ ಬಗ್ಗೆ ಮಾತನಾಡುತ್ತಾನೆ ಎಂದು ನೀವು ಕಾಯುತ್ತಿರಬಹುದು. ನಾನು ಮಾತನಾಡಲು ಬಂದಿರುವುದು ಮೂತ್ರದ ಬಗ್ಗೆ. ನಗಬೇಡಿ ಎನ್ನುವುದಿಲ್ಲ. ಈ ಪಾಠ ಬಂದ ದಿನ ನಾವೂ ಹೀಗೇ ನಕ್ಕಿದ್ದೆವು. ನಮ್ಮ ವಿಜ್ಞಾನದ ಮೇಷ್ಟ್ರು ನಗು ಮುಗಿಯುವವರೆಗೆ ಕಾದು, ಬೋರ್ಡಿನ ಮೇಲೆ ಮೂತ್ರಪಿಂಡದ ಚಿತ್ರ ಬರೆದರು.

ಅವರು ಹೇಳಿದ್ದು ಇಷ್ಟು. ನಮ್ಮ ಎರಡು ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಬೇಕಾದದ್ದನ್ನು ರಕ್ತಕ್ಕೇ ಹಿಂದಿರುಗಿಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಗೆ ಕಳಿಸುತ್ತವೆ. ಅದರಲ್ಲಿ ನೂರಕ್ಕೆ ಸುಮಾರು 95 ಪಾಲು ನೀರು. ಉಳಿದದ್ದರಲ್ಲಿ ಮುಖ್ಯವಾದದ್ದು ಯೂರಿಯಾ. ಹೌದು, ಗದ್ದೆಗೆ ನಾವು ಚೀಲದಲ್ಲಿ ತಂದು ಎರಚುವ ಅದೇ ಯೂರಿಯಾ. ಜೊತೆಗೆ ಉಪ್ಪು, ಪೊಟ್ಯಾಸಿಯಂ, ರಂಜಕ, ಕ್ರಿಯಾಟಿನಿನ್, ಯೂರಿಕ್ ಆಮ್ಲ. ಹಳದಿ ಬಣ್ಣ ಕೊಡುವುದು ಯೂರೋಬಿಲಿನ್; ಅದರ ಮೂಲ ಒಡೆದುಹೋದ ಹಳೆಯ ರಕ್ತಕಣಗಳು.

ಇನ್ನೊಂದು ಸ್ವಾರಸ್ಯ. ನಮ್ಮ ಕಾಕನಕೋಟೆ ಕಾಡಿನ ಆನೆಯಾಗಲಿ, ಮನೆಯ ಮೇಕೆಯಾಗಲಿ, ಮೂತ್ರ ಮಾಡಲು ಹಿಡಿಯುವ ಸಮಯ ಹೆಚ್ಚು ಕಡಿಮೆ ಒಂದೇ, ಸುಮಾರು 21 ಸೆಕೆಂಡು. ಅಮೆರಿಕದ ಸಂಶೋಧಕರು 2014ರಲ್ಲಿ ಈ ಲೆಕ್ಕ ಪ್ರಕಟಿಸಿದರು.

ನನ್ನ ಕೆಲಸದಲ್ಲಿ 'ಲಾಗ್' ಎಂಬುದೊಂದಿದೆ. ಒಳಗೆ ಏನು ನಡೆಯುತ್ತಿದೆ ಎಂಬುದನ್ನು ಕಂಪ್ಯೂಟರ್ ಸಾಲು ಸಾಲಾಗಿ ಬರೆದಿಡುತ್ತದೆ. ಮೂತ್ರ ನಮ್ಮ ದೇಹದ ಲಾಗ್. ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದರೆ ಮೂತ್ರಪಿಂಡ ಅಷ್ಟನ್ನೂ ಹಿಂದಕ್ಕೆ ಎಳೆದುಕೊಳ್ಳಲಾರದು. ಸಕ್ಕರೆ ಮೂತ್ರಕ್ಕೆ ಇಳಿಯುತ್ತದೆ. ಸೋಸುವ ಜರಡಿ ಹಾಳಾದರೆ ಪ್ರೋಟೀನ್ ಸೋರಿ ನೊರೆ ಬರುತ್ತದೆ. ಕಡು ಹಳದಿಯಾದರೆ ಸಾಮಾನ್ಯವಾಗಿ ನೀರು ಸಾಲದೆಂದು ಅರ್ಥ. ರಕ್ತ ಕಂಡರೆ ಕಲ್ಲೋ ಸೋಂಕೋ ಬೇರೇನೋ, ವೈದ್ಯರೇ ನೋಡಬೇಕು.

ಇದನ್ನೆಲ್ಲ ಓದಿ ಅಂಕ ತೆಗೆದವನು ನಾನು. ಆರು ವರ್ಷದ ಹಿಂದೆ ಅವ್ವ ಫೋನಿನಲ್ಲಿ, "ನಿಮ್ಮಪ್ಪ ರಾತ್ರಿಗೆ ನಾಕು ಸಲ ಎದ್ದೋಯ್ತರೆ, ಹಿತ್ಲಲ್ಲಿ ಇರುವೆ ಬೇರೆ ಜಾಸ್ತಿ ಆಗವೆ ಕಣಪ್ಪ" ಎಂದಳು. "ಇರುವೆ ಪುಡಿ ತಂದು ಹಾಕಿ" ಎಂದೆ. ಹೊಗೆಸೊಪ್ಪಿನ ಬ್ಯಾರನ್ ಮುಂದೆ ನಿದ್ದೆಗೆಡುವವರಿಗೆ ಬಾಯಾರಿಕೆ ಸಹಜ ಎಂದುಕೊಂಡೆವು. ಇರುವೆ ಮುತ್ತುವ ಮೂತ್ರ ಪ್ರಮೇಹದ ಲಕ್ಷಣವೆಂದು ಚರಕ ಸಂಹಿತೆಯಲ್ಲೇ ಇದೆ. ಅವ್ವ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಳು. ನಾನು ಸೇರಿಸಿ ಓದಲಿಲ್ಲ. ಸಕ್ಕರೆ ಕಾಯಿಲೆ ಎಂದು ತಿಳಿಯುವಷ್ಟರಲ್ಲಿ ಎರಡು ವರ್ಷ ಕಳೆದು, ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿತ್ತು. ಅಪ್ಪ ಈಗ ವಾರಕ್ಕೆ ಎರಡು ದಿನ ಮೈಸೂರಿಗೆ ಡಯಾಲಿಸಿಸ್‌ಗೆ ಹೋಗಿ ಬರುತ್ತಾರೆ. ಒಂದೊಂದು ಸಲವೂ ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗುವ ಅವರನ್ನು ನೋಡಿದ ಮೇಲೆ, ಮೇಷ್ಟ್ರು ಹೇಳಿದ 180 ಲೀಟರಿನ ಬೆಲೆ ನನಗೆ ಗೊತ್ತಾಯಿತು.

ಅದಕ್ಕೇ ಕೇಳಿಕೊಳ್ಳುತ್ತೇನೆ. ತಂಗಿಯರೇ, ಹೊರಗೆ ಹೋಗಬೇಕಾದೀತೆಂದು ನೀರು ಕುಡಿಯದೆ ಕೂರಬೇಡಿ, ತಡೆದುಕೊಳ್ಳಬೇಡಿ. ಸೋಂಕಿಗೆ ಅದೇ ದಾರಿ. ಶೌಚಾಲಯಕ್ಕೆ ನೀರು, ಬಾಗಿಲು ಏನು ಬೇಕಾದರೂ ಹೇಳಿ, ಹಳೆಯ ವಿದ್ಯಾರ್ಥಿಗಳು ನಾವಿದ್ದೇವೆ. ತಮ್ಮಂದಿರೇ, ನಿಮ್ಮ ಅಪ್ಪ ಅವ್ವನನ್ನು ವರ್ಷಕ್ಕೊಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ರಕ್ತ ಮತ್ತು ಮೂತ್ರ ಪರೀಕ್ಷೆ ಮಾಡಿಸಿ. ಆ ಚಿಕ್ಕ ಡಬ್ಬಿ ಹಿಡಿದುಕೊಂಡು ನಡೆಯಲು ನಾಚಿಕೆ ಬೇಡ.

ಮೇಷ್ಟ್ರು ಅಂದು ನಮ್ಮ ನಗು ಮುಗಿಯುವವರೆಗೆ ಕಾದರು. ಕಾಯಿಲೆ ಹಾಗೆ ಕಾಯುವುದಿಲ್ಲ.