ಬಿಲ್ಲು ಬಾರದಿದ್ದರೆ ಋಣ ತೀರಿತೇ?

(ಹಂಪಾಪುರದಲ್ಲಿ ಮಾಡಿದ ಭಾಷಣದ ಬರಹರೂಪ)



ಇಂದು ನಾವು ಎತ್ತಿಕೊಂಡಿರುವ ವಿಷಯ ತೀರಾ ಚಿಕ್ಕದೆಂದು ಕೆಲವರಿಗೆ ಅನ್ನಿಸಬಹುದು. ಬಾಡಿಗೆ ಮನೆಯೊಂದಕ್ಕೆ ಒಂದು ಕುಟುಂಬ ಬರುತ್ತದೆ. ದೀಪ ಉರಿಯುತ್ತದೆ, ನಲ್ಲಿಯಲ್ಲಿ ನೀರು ಬರುತ್ತದೆ. ತಿಂಗಳುಗಳು ಉರುಳಿದರೂ ಬಿಲ್ಲು ಮಾತ್ರ ಬರುವುದಿಲ್ಲ. ಮಾಲಕರು ಕೇಳುವುದಿಲ್ಲ, ಮೀಟರ್ ರೀಡರ್ ಬಾಗಿಲು ತಟ್ಟುವುದಿಲ್ಲ. ಬಾಯಿ ಬಿಟ್ಟರೆ ಅಷ್ಟೂ ಬಾಕಿ ಒಮ್ಮೆಗೇ ತಲೆಯ ಮೇಲೆ ಬೀಳಬಹುದು, ಮಾಲಕರು ಮುನಿಸಿಕೊಂಡು ಮನೆ ಖಾಲಿ ಮಾಡೆನ್ನಬಹುದು. ಸುಮ್ಮನಿದ್ದರೆ ಮನಸ್ಸಾಕ್ಷಿ ಚುಚ್ಚುತ್ತದೆ. ಅಂತಹ ಬಾಡಿಗೆದಾರ ಏನು ಮಾಡಬೇಕು?

ಕೋಟೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಈ ಹಂಪಾಪುರದಂತಹ ಊರುಗಳಲ್ಲಿ ಇದು ಕಲ್ಪನೆಯ ಪ್ರಶ್ನೆಯಲ್ಲ. ವ್ಯಾಪಾರಕ್ಕೆ, ಕೂಲಿಗೆ, ಮಕ್ಕಳ ಓದಿಗೆಂದು ಹಳ್ಳಿಗಳಿಂದ ಬಂದವರು ಬಾಡಿಗೆಗೆ ನಿಲ್ಲುತ್ತಾರೆ. ಹಳೆಯ ಮನೆಯನ್ನು ಎರಡು ಮೂರು ಭಾಗ ಮಾಡಿ ಕೊಟ್ಟಲ್ಲಿ ಒಂದೇ ಮೀಟರಿನ ಮೇಲೆ ಎರಡು ಮೂರು ಸಂಸಾರಗಳು ಇರುತ್ತವೆ. ಕರೆಂಟು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ್ದು, ಅಂದರೆ ಸೆಸ್ಕ್‌ನದ್ದು. ನೀರು ಗ್ರಾಮ ಪಂಚಾಯತಿಯದ್ದು. ಮನೆ ಇನ್ನೊಬ್ಬರದ್ದು. ಬಳಕೆ ಮಾತ್ರ ನಮ್ಮದು. ಮೂವರ ನಡುವೆ ಲೆಕ್ಕ ಕಳೆದುಹೋಗುವುದು ಸುಲಭ.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳೋಣ. 2023ರಲ್ಲಿ ರಾಜ್ಯ ಸರಕಾರ ಗೃಹಜ್ಯೋತಿ ಯೋಜನೆಯನ್ನು ಆರಂಭಿಸಿದ ಬಳಿಕ ಅನೇಕ ಮನೆಗಳಿಗೆ ಶೂನ್ಯ ಬಿಲ್ಲು ಬರತೊಡಗಿತು. ಆದರೆ ಶೂನ್ಯ ಬಿಲ್ಲು ಬೇರೆ, ಬಿಲ್ಲೇ ಇಲ್ಲದಿರುವುದು ಬೇರೆ. ಶೂನ್ಯ ಬಿಲ್ಲಿನಲ್ಲಿ ಮೀಟರ್ ಓದಲಾಗಿದೆ, ಯೂನಿಟ್ಟು ಬರೆಯಲಾಗಿದೆ, ಹಣವನ್ನು ನಿಗಮಕ್ಕೆ ಸರಕಾರ ತುಂಬುತ್ತದೆ. ಬಾಡಿಗೆದಾರರೂ ಆಧಾರ್ ಸಂಖ್ಯೆಯನ್ನು ಮನೆಯ ಆರ್.ಆರ್. ನಂಬರಿಗೆ ಜೋಡಿಸಿ ಈ ಸೌಲಭ್ಯ ಪಡೆಯಲು ಯೋಜನೆಯಲ್ಲಿ ಅವಕಾಶ ನೀಡಲಾಯಿತು. ಮನೆ ಬದಲಿಸುವವರು ಹಳೆಯ ಜೋಡಣೆಯನ್ನು ಬಿಡಿಸಿಕೊಳ್ಳುವ ವ್ಯವಸ್ಥೆಯೂ 2024ರಲ್ಲಿ ಬಂತು. ಇದು ನ್ಯಾಯವಾಗಿ ದೊರೆತ ಹಕ್ಕು, ಇದರಲ್ಲಿ ಸಂಕೋಚ ಬೇಡ. ಬಿಲ್ಲೇ ಬಾರದ ಮನೆಯಲ್ಲಾದರೋ ಯಾರೂ ಹಣ ತುಂಬಿಲ್ಲ. ಲೆಕ್ಕವೇ ಆಗಿಲ್ಲ.

ಲೆಕ್ಕವಾಗದಿದ್ದರೆ ಹೊಣೆಯೂ ಇಲ್ಲವೇ? 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅಜ್ಮೀರ್ ವಿದ್ಯುತ್ ವಿತರಣ ನಿಗಮದ ಪ್ರಕರಣವೊಂದರಲ್ಲಿ ಇದಕ್ಕೆ ಉತ್ತರ ನೀಡಿದೆ. ಹೊಣೆ ಹುಟ್ಟುವುದು ವಿದ್ಯುತ್ ಬಳಸಿದಾಗ. ಹಣ ಕಟ್ಟಬೇಕಾದ ಬಾಧ್ಯತೆ ಬರುವುದು ಬಿಲ್ಲು ಕೊಟ್ಟಾಗ ಎಂಬುದು ಆ ತೀರ್ಪಿನ ಸಾರ. ಬಿಲ್ಲಿನ ತಪ್ಪನ್ನು ನಿಗಮ ತಡವಾಗಿ ಕಂಡುಕೊಂಡರೂ ಹೆಚ್ಚುವರಿ ಬಿಲ್ಲು ನೀಡಬಹುದು. ಆದರೆ ಎರಡು ವರ್ಷದ ಅವಧಿ ಮೀರಿದ ಅಂತಹ ಬಾಕಿಗಾಗಿ ಸಂಪರ್ಕ ಕಡಿಯುವ ದಾರಿಯನ್ನು ಹಿಡಿಯುವಂತಿಲ್ಲ ಎಂದೂ ನ್ಯಾಯಾಲಯ ಹೇಳಿತು. ಅಂದರೆ ಕಾಗದ ತಡವಾಗಬಹುದು, ಋಣ ತಡವಾಗುವುದಿಲ್ಲ.

ನಮ್ಮ ಧರ್ಮದ ಬೋಧನೆಯೂ ಇದೇ ದಿಕ್ಕಿನಲ್ಲಿದೆ. ಪವಿತ್ರ ಕುರ್‌ಆನಿನ ಅಲ್ ಬಕರ ಅಧ್ಯಾಯದ 282ನೆಯ ವಚನ ಸಾಲದ ವ್ಯವಹಾರವನ್ನು ಬರೆದಿಡಲು ಆದೇಶಿಸುತ್ತದೆ. ಆ ಬರಹವನ್ನು ಹೇಳಿ ಬರೆಸಬೇಕಾದವನು ಯಾರು? ಕೊಟ್ಟವನಲ್ಲ, ಕೊಡಬೇಕಾದವನು. ತನ್ನ ಮೇಲಿರುವ ಹಕ್ಕನ್ನು ಕಡಿತ ಮಾಡದೆ ತಾನೇ ಹೇಳುವುದು ಸಾಲಗಾರನ ಕರ್ತವ್ಯ. ಕೇಳುವವರು ಬರಲಿ, ಆಗ ನೋಡೋಣ ಎಂಬ ಧೋರಣೆಗೆ ಇಲ್ಲಿ ಎಡೆಯಿಲ್ಲ. ಅದೇ ಅಧ್ಯಾಯದ 280ನೆಯ ವಚನ ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ನೀಡಬೇಕೆನ್ನುತ್ತದೆ. ಒಂದು ಕೊಡಬೇಕಾದವನಿಗೆ ಪಾಠ, ಇನ್ನೊಂದು ಪಡೆಯಬೇಕಾದವನಿಗೆ.

‘ಸರಕಾರಿ ಕಚೇರಿಗಳೇ ಕರೆಂಟಿನ ಬಾಕಿ ಉಳಿಸಿಕೊಂಡಿವೆ, ನಮ್ಮ ನೂರಿನ್ನೂರು ರೂಪಾಯಿ ಯಾವ ಲೆಕ್ಕ?’ ಎನ್ನುವವರಿದ್ದಾರೆ. ಇಲಾಖೆಗಳ, ಸ್ಥಳೀಯ ಸಂಸ್ಥೆಗಳ ಬಾಕಿಯನ್ನು ನಾವು ಖಂಡಿಸಲೇಬೇಕು. ಆದರೆ ಇನ್ನೊಬ್ಬರ ಬಾಕಿ ನಮ್ಮ ಬಾಕಿಗೆ ರಸೀದಿಯಾಗಲಾರದು. ನಿಗಮದ ನಷ್ಟ ಕೊನೆಗೆ ದರ ಏರಿಕೆಯಾಗಿ ಪ್ರಾಮಾಣಿಕವಾಗಿ ಕಟ್ಟುವ ನೆರೆಯವನ ಮೇಲೆಯೇ ಬೀಳುತ್ತದೆ. ಇನ್ನು ಕೆಲವರು ಆ ಹಣವನ್ನು ಬಡವರಿಗೆ ದಾನ ಮಾಡಿ ಸಮಾಧಾನಪಡುತ್ತಾರೆ. ಹಕ್ಕುದಾರ ಯಾರೆಂದು ತಿಳಿದಿರುವಾಗ ಹಣ ಅವನಿಗೇ ಸೇರಬೇಕು. ಇನ್ನೊಬ್ಬನ ಹಣದಲ್ಲಿ ಪುಣ್ಯ ಸಂಪಾದಿಸಲಾಗದು.

ಆದರೆ ಎಲ್ಲ ಸಂದರ್ಭಗಳೂ ಒಂದೇ ಅಲ್ಲ. ಕರೆಂಟು, ನೀರು ಸೇರಿಯೇ ಬಾಡಿಗೆ ಎಂಬ ಒಪ್ಪಂದವಿದ್ದರೆ ಬಾಡಿಗೆದಾರ ತನ್ನ ಪಾಲನ್ನು ಕೊಟ್ಟಾಯಿತು. ನಿಗಮಕ್ಕೆ ಕಟ್ಟುವುದು ಮಾಲಕರ ಹೊಣೆ. ದುಂದು ಮಾಡದಿರುವುದಷ್ಟೇ ಇವನ ಹೊಣೆ. ಮೀಟರ್ ಕೆಟ್ಟು ನಿಂತಿದ್ದರೆ, ರೀಡರ್ ಬಾರದಿದ್ದರೆ ಅದು ಅಪರಾಧವಲ್ಲ. ತಿಳಿದ ಮೇಲೆ ತಿಳಿಸುವುದು ಕರ್ತವ್ಯ. ಹಿಂದಿನ ಬಾಡಿಗೆದಾರನ ಬಾಕಿ ಇದ್ದರೆ ಅದು ಇವನ ಋಣವಲ್ಲ.

ಕಂಬದಿಂದ ನೇರವಾಗಿ ತಂತಿ ಎಳೆದಿದ್ದರೆ, ಮೀಟರಿಗೆ ಕೈ ಹಾಕಿದ್ದರೆ ಮಾತ್ರ ವಿಷಯ ಗಂಭೀರ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 135ನೆಯ ಕಲಮಿನಡಿ ವಿದ್ಯುತ್ ಕಳವಿಗೆ ಮೂರು ವರ್ಷದವರೆಗೆ ಸಜೆ, ದಂಡ ಅಥವಾ ಎರಡೂ ಇವೆ. 126ನೆಯ ಕಲಮಿನ ಪ್ರಕಾರ ಅನಧಿಕೃತ ಬಳಕೆ ಕಂಡುಬಂದರೆ ದುಪ್ಪಟ್ಟು ದರ ವಿಧಿಸಲಾಗುತ್ತದೆ. ಯಾವಾಗಿನಿಂದ ಎಂದು ಗೊತ್ತಾಗದಿದ್ದರೆ ಹಿಂದಿನ 12 ತಿಂಗಳಿಗೆ ಲೆಕ್ಕ ಹಾಕುತ್ತಾರೆ. ಆ ನೋಟೀಸು ಮನೆಯಲ್ಲಿ ವಾಸವಿರುವವರ ಕೈಗೇ ಬರಬಹುದು. ತಂತಿ ಎಳೆದವರು ಯಾರೋ, ಉತ್ತರ ಹೇಳಬೇಕಾದವರು ಇನ್ಯಾರೋ. ಮೌನ ಬಾಡಿಗೆದಾರನನ್ನು ರಕ್ಷಿಸುತ್ತದೆ ಎಂಬುದು ಭ್ರಮೆ.

ಆದರೂ ಆತ ಏಕೆ ಮೌನವಾಗಿರುತ್ತಾನೆ? ಹೆಸರು ಕೇಳಿದ ಕೂಡಲೇ ‘ಮನೆ ಖಾಲಿ ಇಲ್ಲ’ ಎನ್ನುವ ಬಾಗಿಲುಗಳನ್ನು ನಮ್ಮವರು ಕಂಡಿದ್ದಾರೆ. ಅಲೆದಲೆದು ದೊರೆತ ಮನೆಯನ್ನು ಒಂದು ಮಾತಿಗೆ ಕಳೆದುಕೊಳ್ಳಲು ಯಾರಿಗೆ ಮನಸ್ಸು ಬರುತ್ತದೆ? ಈ ಭಯ ನಿಜವಾದದ್ದು. ಅದನ್ನು ಅರಿಯದೆ ಬಡ ಬಾಡಿಗೆದಾರನಿಗೆ ಪ್ರಾಮಾಣಿಕತೆಯ ಉಪದೇಶ ಮಾಡುವುದು ಸುಲಭ. ಆತನ ಒಬ್ಬಂಟಿ ಭಯವನ್ನು ಹಂಚಿಕೊಳ್ಳುವುದು ಜಮಾಅತ್‌ನ ಕೆಲಸ. ಊರಿನ ಇಬ್ಬರು ಹಿರಿಯರು ಜೊತೆಗೆ ನಿಂತರೆ ಮಾಲಕರೊಂದಿಗಿನ ಮಾತು ಜಗಳವಾಗದೆ ಮುಗಿದೀತು.

ನಮ್ಮಲ್ಲಿಯೂ ಮಾಲಕರಿದ್ದಾರೆ. ಅವರೂ ಕೇಳಿಸಿಕೊಳ್ಳಲಿ. ಶೂನ್ಯ ಬಿಲ್ಲು ಬಂದ ತಿಂಗಳಲ್ಲಿಯೂ ಬಾಡಿಗೆದಾರನಿಂದ ಕರೆಂಟಿನ ಹಣ ವಸೂಲಿ ಮಾಡುವುದು, ಒಂದೇ ಮೀಟರಿನ ಬಿಲ್ಲಿನಲ್ಲಿ ತನ್ನ ಪಾಲನ್ನೂ ಅವನ ತಲೆಗೆ ಕಟ್ಟುವುದು ಯಾವ ನ್ಯಾಯ? ಅಳೆದು ಪಡೆಯುವಾಗ ತುಂಬಾ ಪಡೆದು, ಕೊಡುವಾಗ ಕಡಿಮೆ ಕೊಡುವವರಿಗೆ ಅಲ್ ಮುತಫ್ಫಿಫೀನ್ ಅಧ್ಯಾಯ ನೀಡಿರುವ ಎಚ್ಚರಿಕೆ ತಕ್ಕಡಿ ಹಿಡಿದ ಅಂಗಡಿಯವನಿಗೆ ಮಾತ್ರ ಸೀಮಿತವೆಂದು ನಾವು ಭಾವಿಸಬಾರದು. ಮೀಟರೂ ಒಂದು ತಕ್ಕಡಿಯೇ.

ಹಾಗಾದರೆ ಬಾಡಿಗೆದಾರ ಮಾಡಬೇಕಾದುದೇನು? ಮನೆಗೆ ಕಾಲಿಟ್ಟ ದಿನವೇ ಮಾಲಕರ ಎದುರು ಮೀಟರಿನ ಅಂಕಿಯನ್ನು ಕರಾರು ಪತ್ರದಲ್ಲಿ ಬರೆಸಲಿ, ಮೊಬೈಲಿನಲ್ಲಿ ಚಿತ್ರ ತೆಗೆದಿಡಲಿ. ಕರೆಂಟು, ನೀರಿನ ಹಣ ಯಾರದ್ದೆಂಬುದೂ ಅಲ್ಲಿಯೇ ದಾಖಲಾಗಲಿ. ಎರಡು ತಿಂಗಳು ಬಿಲ್ಲು ಬಾರದಿದ್ದರೆ ಮೊದಲು ಮಾಲಕರಿಗೆ ಸೌಜನ್ಯದಿಂದ ತಿಳಿಸಲಿ. ಬಳಿಕ ಆರ್.ಆರ್. ನಂಬರಿನೊಂದಿಗೆ ಸೆಸ್ಕ್ ಶಾಖಾ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಲಿ. 1912ಕ್ಕೆ ಕರೆ ಮಾಡಿ ದೂರು ಸಂಖ್ಯೆಯನ್ನು ಬರೆದಿಡಲಿ. ನೀರಿನ ಬಗ್ಗೆ ನೀರುಗಂಟಿಗೆ ಹೇಳಿ ಕೈತೊಳೆದುಕೊಳ್ಳದೆ ಪಂಚಾಯತಿಯ ಬಿಲ್ ಕಲೆಕ್ಟರರಲ್ಲಿ ವಿಚಾರಿಸಿ, ಕಟ್ಟಿದ್ದಕ್ಕೆ ರಸೀದಿ ಕೇಳಲಿ. ಬಿಲ್ಲು ಬರುವವರೆಗೆ ಪ್ರತಿ ತಿಂಗಳು ಅಂದಾಜು ಹಣವನ್ನು ಬದಿಗಿಡಲಿ. ಒಟ್ಟು ಬಾಕಿ ಭಾರವಾದರೆ ಕಂತಿಗಾಗಿ ಲಿಖಿತವಾಗಿ ಕೋರಲಿ. ಅದರಲ್ಲಿ ಅವಮಾನವೇನೂ ಇಲ್ಲ.

ಸಾಲ ಉಳಿಸಿ ತೀರಿಕೊಂಡ ವ್ಯಕ್ತಿಯ ಜನಾಝ ನಮಾಝಿಗೆ ಪ್ರವಾದಿ(ಸ) ಮುಂದಾಗದೆ, ಅಬೂ ಕತಾದ(ರ) ಆ ಸಾಲವನ್ನು ತನ್ನ ಮೇಲೆ ಹೊತ್ತ ಬಳಿಕವೇ ನಮಾಝ್ ನಿರ್ವಹಿಸಿದ ಘಟನೆ ನಮಗೆಲ್ಲ ತಿಳಿದಿದೆ. ಅಲ್ಲಿ ಸಾಲದ ಗಂಭೀರತೆಯಿದೆ. ಇನ್ನೊಬ್ಬನ ಭಾರಕ್ಕೆ ಹೆಗಲು ಕೊಟ್ಟ ಸಮುದಾಯವೂ ಇದೆ. ಬಾಡಿಗೆದಾರ ತನ್ನ ಲೆಕ್ಕವನ್ನು ತಾನೇ ಹೇಳಲಿ. ಹೇಳಿದ ಕಾರಣಕ್ಕೆ ಆತ ಬೀದಿಗೆ ಬೀಳದಂತೆ ನಾವು ನೋಡಿಕೊಳ್ಳೋಣ.