ಒಂದಾಳುದ್ದ ಮಣ್ಣು, ಆಮೇಲೆ ಬಂಡೆ

ನಂಜನಗೂಡಿನಲ್ಲಿ ಕಪಿಲೆಯ ಮೇಲಿರುವ ಹಳೆಯ ಕಲ್ಲು ಸೇತುವೆಯನ್ನು ನೀವು ನೋಡಿರುತ್ತೀರಿ. ದಳವಾಯಿ ದೇವರಾಜಯ್ಯನವರ ಕಾಲದ್ದು, 1735ರದ್ದು. ಎತ್ತಿನ ಗಾಡಿಗೆಂದು ಕಟ್ಟಿದ ಆ ಸೇತುವೆ ಮುಂದೆ ಬಸ್ಸನ್ನೂ ಹೊತ್ತಿತು, ಮೀಟರ್‌ಗೇಜ್ ರೈಲನ್ನೂ ಹೊತ್ತಿತು. ಅದರ ಕಂಬಗಳನ್ನು ನೋಡಿದಾಗಲೆಲ್ಲ ನನ್ನ ಮನಸ್ಸು ಪಾಯಕ್ಕೆ ಇಳಿಯುತ್ತದೆ. ನೀರೊಳಗೆ ಬಂಡೆ ಎಲ್ಲಿ ಸಿಗುತ್ತದೆಂದು ಅವರು ಹೇಗೆ ಹುಡುಕಿದರೋ! ಟೆಂಡರ್ ಎಂಬ ಮಾತೇ ಆಗ ಇರಲಿಲ್ಲ.

ಟೆಂಡರ್ ಬಂದದ್ದು ಇಂಗ್ಲಿಷರ ಆಡಳಿತದ ಜೊತೆ. ಮೈಸೂರು ಸೀಮೆಯಲ್ಲಿ ಕಮಿಷನರ್ ಕಬ್ಬನ್ ಸಾಹೇಬರ ಕಾಲದಲ್ಲಿ, 1856ರಲ್ಲಿ, ಲೋಕೋಪಯೋಗಿ ಇಲಾಖೆ ಹುಟ್ಟಿತು. ಎಸ್ಟಿಮೇಟು, ಅಳತೆ ಪುಸ್ತಕ, ಮೊಹರು ಹಾಕಿದ ಲಕೋಟೆ ಎಲ್ಲ ಒಂದೊಂದಾಗಿ ಬಂದವು. ಕೆಲಸವನ್ನು ಐಟಂಗಳಾಗಿ ಒಡೆಯುವುದು, ಒಂದೊಂದಕ್ಕೂ ಪ್ರಮಾಣ ಬರೆಯುವುದು, ಗುತ್ತಿಗೆದಾರರು ಒಂದೊಂದಕ್ಕೂ ದರ ತುಂಬುವುದು. ಇದು ಐಟಂ ರೇಟ್ ಟೆಂಡರ್. ಯಾರ ಮೊತ್ತ ಕಡಿಮೆಯೋ ಅವರಿಗೆ ಕೆಲಸ. ಕೇಳಲು ಎಷ್ಟು ನೇರ! ಆದರೆ ಮೊತ್ತ ಕಡಿಮೆ ಇದ್ದೂ ಸರ್ಕಾರಕ್ಕೆ ದುಬಾರಿಯಾಗುವ ಟೆಂಡರ್ ಒಂದಿದೆ. ಕಚೇರಿಯಲ್ಲಿ ಅದನ್ನು ಅನ್‌ಬ್ಯಾಲೆನ್ಸ್ಡ್ ಟೆಂಡರ್ ಅನ್ನುತ್ತೇವೆ. ತಕ್ಕಡಿ ಒಂದು ಕಡೆಗೆ ವಾಲಿದ ಟೆಂಡರ್.

ಅಂಥದ್ದನ್ನು ಮೊದಲು ಕಂಡಾಗ ನಾನು ಇಲಾಖೆಗೆ ಎಂಜಿನಿಯರಾಗಿ ಹೊಸದಾಗಿ ಸೇರಿದ್ದೆ. ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ ಒಂದು ಉಪನಾಲೆಯ ಅಗೆತ. ಎಸ್ಟಿಮೇಟು ಬರೆದವನು ನಾನೇ. ಮೇಲೆಲ್ಲ ಎರೆಮಣ್ಣು ಕಾಣುತ್ತಿತ್ತು, ಪಕ್ಕದ ಕೆಲಸದ ಅಂಕಿಗಳು ಕೈಯಲ್ಲಿದ್ದವು, ಅವನ್ನೇ ಇಳಿಸಿಬಿಟ್ಟೆ. ಲೆಕ್ಕ ತಲೆಯಲ್ಲಿ ನಿಲ್ಲಲೆಂದು ದುಂಡು ಅಂಕಿಗಳಲ್ಲಿ ಹೇಳುತ್ತೇನೆ. ಮಣ್ಣು 1,000 ಘನ ಮೀಟರ್, ಇಲಾಖೆಯ ದರ 100 ರೂಪಾಯಿ. ಬಂಡೆ 50 ಘನ ಮೀಟರ್, ದರ 400. ಒಟ್ಟು 1,20,000 ರೂಪಾಯಿ.

ಲಕೋಟೆ ಒಡೆದೆವು. ಒಬ್ಬರು ಮಣ್ಣಿಗೆ 95, ಬಂಡೆಗೆ 400 ಬರೆದಿದ್ದರು, ಮೊತ್ತ 1,15,000. ಇನ್ನೊಬ್ಬರು ಮಣ್ಣಿಗೆ ಬರೀ 60, ಬಂಡೆಗೆ 1,000, ಮೊತ್ತ 1,10,000. ಇವರೇ ಕಡಿಮೆ. ನಾನು ತುಲನಾ ಪಟ್ಟಿ ಬರೆದು, ಕೆಳಗೆ ಗೆರೆ ಎಳೆದು, ನಮ್ಮ ಮೇಲಧಿಕಾರಿ ಸಾಹೇಬರ ಮುಂದಿಟ್ಟೆ. ಅವರು ಮೊತ್ತದ ಸಾಲನ್ನು ನೋಡಲೇ ಇಲ್ಲ. ಬಂಡೆಯ ದರದ ಮೇಲೆ ಬೆರಳಿಟ್ಟು, "ಇಷ್ಟು ಯಾಕೆ ಬರೆದಿದ್ದಾನೆ? ಆ ಜಾಗದಲ್ಲಿ ಗುಂಡಿ ತೋಡಿಸಿ ನೋಡಿದ್ದೆಯೇನಪ್ಪ?" ಎಂದರು. ನಾನು ತೋಡಿಸಿರಲಿಲ್ಲ.

ಮಾರನೆಯ ದಿನ ಇಬ್ಬರೂ ಬಸ್ಸಿನಲ್ಲಿ ಹೋದೆವು. ನಾಲೆಯ ಗುರುತಿನ ಪಕ್ಕದಲ್ಲೇ ಒಂದು ಬಾವಿ. ಅಲ್ಲಿದ್ದ ಯಜಮಾನರನ್ನು ಸಾಹೇಬರು ವಿಚಾರಿಸಿದರು. "ಒಂದಾಳುದ್ದ ಮಣ್ಣು ಅಷ್ಟೇ ಬುದ್ಧಿ, ಆಮೇಲೆಲ್ಲ ಬಂಡೆನೇ. ಮೊನ್ನೆ ಒಬ್ರು ಕಂಟ್ರಾಕ್ಟ್ರು ಬಂದು ಇದನ್ನೇ ಕೇಳ್ಕೊಂಡ್ ಹೋದ್ರು" ಎಂದರು ಆ ಹಿರಿಯರು. ನನ್ನ ಬಾಯಿ ಒಣಗಿತು. ಅಲ್ಲೇ ಆಳು ಕರೆಸಿ ಎರಡು ಕಡೆ ಗುಂಡಿ ತೋಡಿಸಿದೆವು. ಎರಡರಲ್ಲೂ ಹಾರೆ ಠಣ್ ಎಂದಿತು.

ಮತ್ತೆ ಲೆಕ್ಕ ಹಾಕಿದೆವು. ಮಣ್ಣು ಹೆಚ್ಚೆಂದರೆ 600, ಬಂಡೆ 450. ಅದೇ ದರಗಳಲ್ಲಿ ಮೊದಲನೆಯವರಿಗೆ ಆಗುವುದು 2,37,000. 'ಕಡಿಮೆ' ಎಂದು ನಾನು ಗೆರೆ ಎಳೆದವರಿಗೆ 4,86,000! ಎರಡರಷ್ಟಕ್ಕಿಂತ ಹೆಚ್ಚು. ಟೆಂಡರ್ ಒಪ್ಪಿಬಿಟ್ಟಿದ್ದರೆ ಇದೆಲ್ಲ ಕಾನೂನುಬದ್ಧವಾಗಿಯೇ ಪಾವತಿಯಾಗುತ್ತಿತ್ತು, ಒಂದು ಸಹಿಯೂ ಸುಳ್ಳಾಗಿರುತ್ತಿರಲಿಲ್ಲ.

ಸಾಹೇಬರು ಆ ಗುತ್ತಿಗೆದಾರರನ್ನು ಕರೆಸಿ, ಬಂಡೆಯ ದರ ಹೇಗೆ ಬಂತೆಂದು ಬಿಡಿಸಿ ಬರೆದುಕೊಡಲು ಕೇಳಿದರು. ಕೂಲಿ ಎಷ್ಟು, ಮದ್ದು ಎಷ್ಟು, ಸಾಗಣೆ ಎಷ್ಟು. ಎಷ್ಟು ಕೂಡಿಸಿದರೂ ಅದು ಸಾವಿರದ ಹತ್ತಿರ ಬರಲಿಲ್ಲ. ಕಾರಣಗಳನ್ನೆಲ್ಲ ಕಡತದಲ್ಲಿ ಬರೆದು ಟೆಂಡರ್ ತಿರಸ್ಕರಿಸಿದರು; ಪ್ರಮಾಣ ತಿದ್ದಿ ಮತ್ತೆ ಕರೆದರು. ಹೊರಡುವಾಗ ಆ ಗುತ್ತಿಗೆದಾರರು ನನ್ನತ್ತ ತಿರುಗಿ, "ನೀವು ಮೊದಲೇ ಗುಂಡಿ ತೋಡ್ಸಿದ್ರೆ ನಾನು ಹೀಗೆ ಬರೀತಿರ್ಲಿಲ್ಲ ಸಾರ್" ಎಂದರು. ಅವರು ಕಳ್ಳರಲ್ಲ. ನಾನು ಮಾಡಬೇಕಿದ್ದ ಕೆಲಸವನ್ನು ಅವರು ಮಾಡಿದ್ದರು.

ಇದೇ ಆಟ ನದಿ ದಂಡೆಯಲ್ಲಿ ಇನ್ನೂ ಸೂಕ್ಷ್ಮ. ತಿರುಮಕೂಡಲಿನಲ್ಲಿ ಕಾವೇರಿ, ಕಪಿಲೆ ಸೇರುವ ಕಡೆ, ಕುಂಭಮೇಳಕ್ಕೆ ಜನ ಮುಳುಗೇಳುವ ಕಡೆ, ಸೋಪಾನಕ್ಕೆ ಪಾಯ ತೆಗೆಯುವುದನ್ನು ಊಹಿಸಿಕೊಳ್ಳಿ. ಪಂಪಿನಿಂದ ನೀರು ಹೊರಹಾಕುವುದು ಒಂದು ಐಟಂ. ಪಂಪು ಎಷ್ಟು ಗಂಟೆ ಓಡಬೇಕೆಂದು ಹೇಳುವುದು ಹೊಳೆ, ಎಂಜಿನಿಯರ್ ಅಲ್ಲ. ಎಸ್ಟಿಮೇಟಿಗಿಂತ ಗಂಟೆ ಹೆಚ್ಚುತ್ತದೆಂದು ಊಹಿಸಿದವರು ಅದಕ್ಕೇ ದರ ಏರಿಸುತ್ತಾರೆ. ಇನ್ನೊಂದು ಬಗೆಯೂ ಇದೆ. ಮೊದಲು ಮುಗಿಯುವ ಪಾಯದ ಕೆಲಸಕ್ಕೆ ದರ ಏರಿಸಿ, ಕೊನೆಯ ಗಾರೆ, ಬಣ್ಣಕ್ಕೆ ಇಳಿಸಿಬಿಡುವುದು. ಮೊದಲೆರಡು ಬಿಲ್ಲಿನಲ್ಲೇ ಲಾಭ ಕೈ ಸೇರಿದ ಮೇಲೆ ಗಾರೆ ಹಚ್ಚಲು ಯಾರು ಬರುತ್ತಾರೆ?

ಅಗ್ಗದ ಟೆಂಡರಿನ ಈ ಭಯ ಹೊಸದಲ್ಲ. ನಂಜನಗೂಡಿನ ಸೇತುವೆಗಿಂತ ಸುಮಾರು ಐವತ್ತು ವರ್ಷ ಮೊದಲೇ ಫ್ರಾನ್ಸಿನಲ್ಲಿ ಕೋಟೆಗಳನ್ನು ಕಟ್ಟಿಸುತ್ತಿದ್ದ ವೊಬಾಂ ಎಂಬ ಮಹಾ ಎಂಜಿನಿಯರ್ ತನ್ನ ಮಂತ್ರಿಗೆ ಕಾಗದ ಬರೆದು ಗೋಗರೆದಿದ್ದ: ಅಗ್ಗದವರ ಹಿಂದೆ ಹೋಗಬೇಡಿ, ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಯೋಗ್ಯನಿಗೆ ನ್ಯಾಯವಾದ ಬೆಲೆ ಕೊಡಿ ಎಂದು. ಮುಂದೆ ಅಮೆರಿಕದವರು ವಾಲಿದ ಟೆಂಡರನ್ನೇ ಎರಡು ಬಗೆಯಾಗಿ ಬಿಡಿಸಿದರು. ದರ ಬರೀ ಲೆಕ್ಕದಲ್ಲಿ ವಾಲಿದ್ದರೆ ಅದೊಂದು ಮಾತು. ಅದರಿಂದ ಸರ್ಕಾರಕ್ಕೆ ಕೊನೆಗೆ ನಿಜವಾಗಿ ಹೆಚ್ಚು ಖರ್ಚಾಗುವಂತಿದ್ದರೆ ಮಾತ್ರ ತಿರಸ್ಕಾರ. ನನಗೆ ಬಹಳ ಹಿಡಿಸಿದ ಭೇದ ಇದು.

ನಮ್ಮ ಕರ್ನಾಟಕದಲ್ಲಿ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ 1999ರಲ್ಲಿ ಬಂತು, ಮರುವರ್ಷ ಜಾರಿಯಾಯಿತು, ನಿಯಮಗಳು ಬಂದವು. ದೊಡ್ಡ ಕಾಮಗಾರಿಗಳ ಕೆ.ಡಬ್ಲ್ಯೂ.-4 ಟೆಂಡರ್ ದಸ್ತಾವೇಜಿನಲ್ಲಿ ನಮ್ಮ ಸಾಹೇಬರ ಬುದ್ಧಿಯೇ ಷರತ್ತಾಗಿ ಕೂತಿದೆ. ಟೆಂಡರ್ ತೀರಾ ವಾಲಿದ್ದರೆ ದರದ ವಿವರ ಕೇಳಬಹುದು, ಹೆಚ್ಚುವರಿ ಭದ್ರತಾ ಠೇವಣಿ ಕೇಳಬಹುದು.

ಅಧಿಕಾರಿಯ ತೀರ್ಮಾನವನ್ನು ಗುತ್ತಿಗೆದಾರರು ನ್ಯಾಯಾಲಯಕ್ಕೆ ಒಯ್ದರೆ? 2006ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಒರಿಸ್ಸಾದ ಜಗದೀಶ್ ಮಂಡಲ್ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಬರೆದವರು ಹಿಂದೆ ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ಇದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಟೆಂಡರ್ ವಿಚಾರದಲ್ಲಿ ಕೈಹಾಕುವ ಮುನ್ನ ನ್ಯಾಯಾಲಯ ಎರಡು ಪ್ರಶ್ನೆ ಕೇಳಿಕೊಳ್ಳಬೇಕು ಎಂದರು. ಅಧಿಕಾರಿಯ ತೀರ್ಮಾನದಲ್ಲಿ ದುರುದ್ದೇಶವೋ, ವಿವೇಕವುಳ್ಳ ಯಾರೂ ಮಾಡದಂಥ ಅತಾರ್ಕಿಕತೆಯೋ ಇದೆಯೇ? ಸಾರ್ವಜನಿಕ ಹಿತಕ್ಕೆ ಧಕ್ಕೆಯಾಗಿದೆಯೇ? ಕಾರಣ ಬರೆದಿಟ್ಟು 'ಇಲ್ಲ' ಎನ್ನುವ ಎಂಜಿನಿಯರಿಗೆ ಇದಕ್ಕಿಂತ ಗಟ್ಟಿ ಆಸರೆ ಇಲ್ಲ.

ಈಗ ಹಲವು ಕಾಮಗಾರಿಗಳಿಗೆ ಪರ್ಸೆಂಟೇಜ್ ಟೆಂಡರ್. ಎಲ್ಲ ಐಟಂಗೂ ಇಲಾಖೆಯ ದರವೇ. ಗುತ್ತಿಗೆದಾರರು ಒಟ್ಟಿಗೆ ಇಷ್ಟು ಶೇಕಡಾ ಮೇಲೆ ಅಥವಾ ಕೆಳಗೆ ಎಂದು ಒಂದೇ ಅಂಕಿ ಬರೆಯುತ್ತಾರೆ. ಒಂದು ಐಟಂ ಏರಿಸಿ ಇನ್ನೊಂದು ಇಳಿಸುವ ಹಾಗಿಲ್ಲ. ಒಳ್ಳೆಯದೇ ಆಯಿತು. ಆದರೂ ನನಗೆ ಒಂದು ಸಂಕಟ. ವಾಲಿದ ದರ ನಮ್ಮ ಎಸ್ಟಿಮೇಟಿನ ತಪ್ಪನ್ನು ಬೆರಳಿಟ್ಟು ತೋರಿಸುತ್ತಿತ್ತು. ಈಗ ಪಟ್ಟಿಯಲ್ಲಿ ಆ ಬೆರಳಿಲ್ಲ, ಬಂಡೆ ಮಾತ್ರ ನೆಲದಲ್ಲಿ ಹಾಗೆಯೇ ಇದೆ. ಗುಂಡಿ ತೋಡಿಸದೆ ಬರೆದ ಎಸ್ಟಿಮೇಟು ಕೆಲಸ ನಡುವಿಗೆ ಬಂದಾಗ ಪ್ರಮಾಣ ಹೆಚ್ಚಿತು, ಹಣ ಸಾಲದು ಎಂದು ಬಾಯಿ ಬಿಡುತ್ತದೆ. ಅಷ್ಟು ಹೊತ್ತಿಗೆ ತಿರಸ್ಕರಿಸಲು ಏನೂ ಉಳಿದಿರುವುದಿಲ್ಲ.

ಆ ಉಪನಾಲೆಗೆ ಎರಡನೆಯ ಸಲ ಟೆಂಡರ್ ಕರೆದಾಗ ಅದೇ ಗುತ್ತಿಗೆದಾರರು ಬಂದರು, ಮಣ್ಣಿಗೂ ಬಂಡೆಗೂ ಸರಿಯಾದ ದರ ಬರೆದರು, ಕೆಲಸ ಅವರಿಗೇ ಸಿಕ್ಕಿತು, ಚೊಕ್ಕವಾಗಿ ಮುಗಿಸಿದರು. ಬಾವಿಯ ಯಜಮಾನರು ಹೇಳಿದಂತೆಯೇ ಒಂದಾಳುದ್ದಕ್ಕೆ ಬಂಡೆ ಬಂತು. ಆ ಎರಡು ಗುಂಡಿಗೆ ಹಿಡಿದದ್ದು ನಾಲ್ಕು ಆಳಿನ ಒಂದು ದಿನದ ಕೂಲಿ. ಎಸ್ಟಿಮೇಟಿನಲ್ಲಿ ಅದಕ್ಕೆ ಐಟಂ ಇರಲಿಲ್ಲ. ಸಾಹೇಬರು ಜೇಬಿನಿಂದ ತೆಗೆದು ಕೊಟ್ಟರು.